ಶಾಲೆಯ ಅನ್ನ, ಮನೆಯ ರಾಗಿ

ಗಡಿನಾಡಿನ ಶಾಲಾಮಕ್ಕಳ ಊಟದ ಚರಿತ್ರೆಯನ್ನು ಹೇಳಹೊರಟವರು ಮದರಾಸಿನಿಂದ ಆರಂಭಿಸಬೇಕಾಗುತ್ತದೆ. 1920ರಲ್ಲಿ, ಪಿ. ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಅಲ್ಲಿನ ನಗರಸಭೆಯು ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯಲ್ಲಿ ಮಗುವೊಂದಕ್ಕೆ ದಿನಕ್ಕೆ ಒಂದು ಆಣೆ ಮೀರದಂತೆ ತಿಂಡಿ ಕೊಡಲು ನಿರ್ಣಯಿಸಿತು. ಹಸಿದ ಮಗುವಿಗೆ ಪಾಠ ಹತ್ತದು ಎಂಬುದನ್ನು ಉಪಾಧ್ಯಾಯರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಹಳ್ಳಿಗಳಿಗೆ ಆ ಅನ್ನ ಬರುವುದಕ್ಕೆ 1956 ಬರಬೇಕಾಯಿತು. ಅದೇ ವರ್ಷ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ತಾಳವಾಡಿ, ಹೊಸೂರುಗಳು ಮದರಾಸಿನಲ್ಲಿಯೇ ಉಳಿದವು. ಅದೇ ವರ್ಷವೇ ಮುಖ್ಯಮಂತ್ರಿ ಕಾಮರಾಜರು ಶಾಲಾಮಕ್ಕಳ ಮಧ್ಯಾಹ್ನದ ಊಟವನ್ನು ರಾಜ್ಯದಾದ್ಯಂತ ಹಬ್ಬಿಸತೊಡಗಿದರು. ಖರ್ಚಿನ ಹೆಚ್ಚಿನ ಪಾಲು ಸರ್ಕಾರದ್ದು, ಮಿಕ್ಕದ್ದು ಊರವರದು. 1960ರ ದಶಕದಲ್ಲಿ ಅಮೆರಿಕದ ಕೇರ್ ಸಂಸ್ಥೆಯ ಹಾಲಿನ ಪುಡಿಯೂ ಬಂದು ಸೇರಿತು. 1982ರ ಜುಲೈ 1ರಂದು ಎಂ.ಜಿ. ರಾಮಚಂದ್ರನ್ ಅವರ ಸರ್ಕಾರವು ಈ ಏರ್ಪಾಟನ್ನು ಸತ್ತ್ವಯುತ ಊಟದ ಯೋಜನೆಯಾಗಿ ಬೆಳೆಸಿತು. ಇದರಿಂದಾದ ಉಪಕಾರವನ್ನು ಅಲ್ಲಗಳೆಯುವವರು ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿಲ್ಲವೆಂದೇ ಹೇಳಬೇಕು.

ಆದರೆ ತಟ್ಟೆಯಲ್ಲಿ ಬಿದ್ದದ್ದು ಅನ್ನ. ತಾಳವಾಡಿ, ಹೊಸೂರುಗಳ ಕಡೆಯ ಒಕ್ಕಲುಮನೆಗಳಲ್ಲಿ ದಿನದ ಊಟ ರಾಗಿಯದು. ಅನ್ನವೆಂಬುದು ಹಬ್ಬಕ್ಕೆ, ನೆಂಟರಿಗೆ. ಹಬ್ಬದ ಊಟವೇ ದಿನವೂ ಶಾಲೆಯಲ್ಲಿ ದೊರೆತಾಗ ಮಗುವಿಗೆ ಅಜ್ಜಿ ತೊಳಸಿದ ಮುದ್ದೆ ಬಡವರ ಊಟವಾಗಿ ಕಂಡದ್ದು ಸಹಜವೇ. ಬುತ್ತಿಯ ರಾಗಿರೊಟ್ಟಿಯನ್ನು ಮರೆಮಾಡಿ ತಿನ್ನುವ ಮಕ್ಕಳನ್ನು ನಾವು ಕಂಡಿದ್ದೇವೆ. ಈ ಮಾರ್ಪಾಟಿಗೆ ಶಾಲೆಯೊಂದೇ ಹೊಣೆಯಲ್ಲ. ನ್ಯಾಯಬೆಲೆ ಅಂಗಡಿಯ ಅಗ್ಗದ ಅಕ್ಕಿಯ ಪಾಲೂ ಉಂಟು, ಬೀಸುವ ಕಲ್ಲಿನ ಶ್ರಮದಿಂದ ಬಿಡುಗಡೆ ಬಯಸಿದ ತಾಯಂದಿರ ನ್ಯಾಯವಾದ ಆಸೆಯೂ ಉಂಟು. ಆದರೂ ಯಾವ ಊಟ ಗೌರವದ್ದು ಎಂಬ ಪಾಠವನ್ನು ನಾವೇ, ಪುಸ್ತಕವಿಲ್ಲದೆ, ಕಲಿಸಿದೆವು.

ನಷ್ಟವಾದದ್ದು ಬರಿಯ ರುಚಿಯಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10ರ ಆಸುಪಾಸಿನದು. ಮೂಳೆ ಬಲಿಯುವ ವಯಸ್ಸಿನ, ಮನೆಯಲ್ಲಿ ಹಾಲು ಕಾಣದ ಮಗುವಿಗೆ ಈ ಅಂತರ ಸಣ್ಣದಲ್ಲ.

ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹವೂ ಮುಖ್ಯವಾಗಿ ಅಕ್ಕಿಯನ್ನೇ ನೆಚ್ಚಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ಶಾಲೆಗಳಲ್ಲಿ ಹಾಲಿನೊಡನೆ ರಾಗಿಮಾಲ್ಟ್ ಕೊಡುವ ಏರ್ಪಾಟು ಆರಂಭವಾಯಿತು. ತಮಿಳುನಾಡು 2023ರಲ್ಲಿ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಯ ಬದಲು 2 ಕಿಲೋ ರಾಗಿ ಕೊಡುವ ಪ್ರಯೋಗವನ್ನು ನೀಲಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ನಡೆಸಿತು. ತಾಳವಾಡಿಯಿರುವ ಈರೋಡು, ಹೊಸೂರಿರುವ ಕೃಷ್ಣಗಿರಿ ಆ ಮೊದಲ ಪಟ್ಟಿಯಲ್ಲಿರಲಿಲ್ಲ.