ತಳಂಗರೆಯ ಪಳ್ಳಿ, ಉಪ್ಪನ ಸಾಲ

ನಮ್ಮ ಕಡೆ ಮಯ್ಯತ್ ನಮಾಝಿಗೆ ಮೊದಲು ಮನೆಯವರೊಬ್ಬರು ಎದ್ದು ನಿಂತು ಹೇಳುವ ಮಾತೊಂದಿದೆ: ತೀರಿಹೋದವರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ನನ್ನನ್ನು ಕೇಳಿ, ನಾನು ಕೊಡುತ್ತೇನೆ. ಮೂರು ವರ್ಷದ ಹಿಂದೆ ಉಪ್ಪಳದ ಹತ್ತಿರದ ನಮ್ಮ ಪಳ್ಳಿಯಲ್ಲಿ ಉಪ್ಪನ ಪರವಾಗಿ ಆ ಮಾತನ್ನು ನಾನು ಹೇಳಿದೆ. ಆಮೇಲೆ ಅದು ನನ್ನನ್ನು ಬಿಡಲಿಲ್ಲ.

ಹಿಂದಿನವರು ಅಲ್ಲಾಹನೊಂದಿಗೆ ಮಾಡಿದ ಕರಾರಿನಲ್ಲಿ ನಮ್ಮ ಪಾಲು ಏನು ಎಂದು ಕಾಸರಗೋಡಿನಲ್ಲಿ ಕೇಳಿದರೆ ನಾವು ಕೂಡಲೇ ತಳಂಗರೆಯ ಕಡೆ ಕೈ ತೋರಿಸುತ್ತೇವೆ. ಚೇರಮಾನ್ ಪೆರುಮಾಳ್ ಅರಬ್ ನಾಡಿಗೆ ಹೋದದ್ದು, ಅಲ್ಲೇ ತೀರಿಕೊಂಡದ್ದು, ಅವರ ಪತ್ರ ಹಿಡಿದು ಮಾಲಿಕ್ ದೀನಾರ್ ಮತ್ತು ಸಂಗಡಿಗರು ಕೊಡುಂಗಲ್ಲೂರಿಗೆ ಬಂದದ್ದು, ಕರಾವಳಿಯುದ್ದಕ್ಕೂ ಪಳ್ಳಿ ಕಟ್ಟಿಸಿದ್ದು, ಎಲ್ಲ ಮದ್ರಸದಲ್ಲೇ ಕೇಳಿದ್ದೇವೆ. ಆ ಪಳ್ಳಿಗಳ ಸಾಲಿನಲ್ಲಿ ಕಾಸರಗೋಡು, ಮಂಗಳೂರು, ಬಾರ್ಕೂರು ಇವೆ. ತಳಂಗರೆಯ ಪಳ್ಳಿಗೆ ಹಿಜ್ರಿ 22 ಎಂದು ಹೇಳುವುದು ರೂಢಿ.

ಈ ಕಥೆಯನ್ನು ಬರೆದಿಟ್ಟವರಲ್ಲಿ ಒಬ್ಬರು ಮಲಬಾರಿನ ಶೈಖ್ ಝೈನುದ್ದೀನ್ ಮಖ್ದೂಮ್. 16ನೇ ಶತಮಾನದ ಕೊನೆಗೆ, ಪೋರ್ಚುಗೀಸರ ಹಾವಳಿಯ ನಡುವೆ, ಅರಬಿಯಲ್ಲಿ 'ತುಹ್ಫತುಲ್ ಮುಜಾಹಿದೀನ್' ಬರೆದವರು. ಪಳ್ಳಿಗಳ ಹೆಸರನ್ನೆಲ್ಲ ಹೇಳಿದ ಮೇಲೆ ಅವರು ಒಂದು ಧೈರ್ಯದ ಕೆಲಸ ಮಾಡುತ್ತಾರೆ. ಇದು ಪ್ರವಾದಿಯವರ ಕಾಲದಲ್ಲೇ ನಡೆದದ್ದೆಂಬ ಜನರ ನಂಬಿಕೆಯನ್ನು ಒಪ್ಪುವುದಿಲ್ಲ. ಹಿಜ್ರಿ 200ರ ನಂತರ ಇರಬೇಕು, ಅಂದರೆ ನಮ್ಮ ಲೆಕ್ಕದಲ್ಲಿ 9ನೇ ಶತಮಾನ, ಎಂಬುದು ಅವರ ಅಂದಾಜು. ಮೊದಲ ಸಲ ಇದನ್ನು ಓದಿದಾಗ ನನಗೆ ಬೇಸರವಾಯಿತು, ಯಾರೋ ನಮ್ಮ ಮನೆಯ ಹಳೆಯ ದಾಖಲೆ ಕಿತ್ತುಕೊಂಡ ಹಾಗೆ. ಆದರೆ ಮಖ್ದೂಮರ ಈಮಾನಿಗೆ ಇನ್ನೂರು ವರ್ಷ ಕಡಿಮೆಯಾದದ್ದರಿಂದ ಏನೂ ಆಗಲಿಲ್ಲವಲ್ಲ!

ನಮ್ಮಲ್ಲಿ ಹಳೆಯ ತರವಾಡು, ಅರಬ್ ಸಂಬಂಧ ಎಂಬ ಮಾತು ಮದುವೆ ಮಾತುಕತೆಯ ಹೊತ್ತಿಗೆ ಜೋರಾಗುತ್ತದೆ. ಕುರ್‌ಆನ್ ಈ ದಾರಿ ಹಿಡಿಯುವುದಿಲ್ಲ. ಅಲ್ ಬಕರದ 124ನೇ ಆಯತ್ತಿನಲ್ಲಿ ಇಬ್ರಾಹೀಮ್ ನಬಿ, ತನ್ನನ್ನು ಜನರ ನಾಯಕನಾಗಿ ಮಾಡಿದಾಗ, ನನ್ನ ಸಂತತಿಯೂ ಇರಲಿ ಎಂದು ಕೇಳುತ್ತಾರೆ. ಅನ್ಯಾಯ ಮಾಡುವವರಿಗೆ ನನ್ನ ಕರಾರು ಸಲ್ಲದು ಎಂಬ ಅರ್ಥದ ಉತ್ತರ ಬರುತ್ತದೆ. ಕೇಳಿದವರು ಇಬ್ರಾಹೀಮ್! ಅಲ್ ಅಅ್‌ರಾಫ್‌ನ 172 ಮತ್ತು 173 ಇನ್ನೂ ಹಿಂದಕ್ಕೆ ಹೋಗುತ್ತವೆ. ಆದಮರ ಮಕ್ಕಳ ಸಂತತಿಯನ್ನೆಲ್ಲ ಹೊರತಂದು, ನಾನು ನಿಮ್ಮ ರಬ್ಬ್ ಅಲ್ಲವೇ ಎಂದು ಅಲ್ಲಾಹು ಕೇಳಿದಾಗ, ಹೌದು ಎಂದರು. ಯಾಕೆ ಕೇಳಿದ್ದೆಂಬುದೂ ಅಲ್ಲೇ ಇದೆ: ತಪ್ಪು ನಮ್ಮ ಹಿರಿಯರದು, ನಾವು ಅವರ ನಂತರ ಬಂದ ಮಕ್ಕಳು ಮಾತ್ರ ಎಂದು ಖಿಯಾಮತ್ ದಿನ ಜಾರಿಕೊಳ್ಳದಿರಲು. ಹಿರಿಯರ ಹೆಸರು ಅಲ್ಲಿ ನೆಪಕ್ಕೆ ನಡೆಯದಿದ್ದರೆ ಹೆಮ್ಮೆಗೂ ನಡೆಯುವುದಿಲ್ಲ ಎಂದು ನನ್ನ ತಿಳುವಳಿಕೆ. ತಪ್ಪಿದ್ದರೆ ಉಸ್ತಾದರು ತಿದ್ದಲಿ, ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ.

ಸಾಲದ ವಿಷಯವೂ ಹಾಗೆಯೇ. ಶರೀಅತ್ತಿನಲ್ಲಿ ತೀರಿಹೋದವರ ಸಾಲ ಅವರು ಬಿಟ್ಟುಹೋದದ್ದರಿಂದ ತೀರಬೇಕು. ಅದು ಸಾಕಾಗದಿದ್ದರೆ ಮಗ ಎಂಬ ಒಂದೇ ಕಾರಣಕ್ಕೆ ಅದು ನನ್ನ ಮೇಲೆ ಬರುವುದಿಲ್ಲ. ಸಫ್‌ಗಳ ಮುಂದೆ ನಿಂತು ನನ್ನ ಬಾಯಿಂದಲೇ ಹೇಳಿದ್ದರಿಂದ ಬಂತು.

ಏಳನೇ ದಿನ ಮೀನು ಮಾರುವ ಮುದುಕರೊಬ್ಬರು ಅಂಗಡಿಗೆ ಬಂದರು. ಉಪ್ಪನ ಕೈಯಲ್ಲಿ 2,300 ರೂಪಾಯಿ ಇಡಲು ಕೊಟ್ಟಿದ್ದರಂತೆ. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ನೋಡಿ ಹೇಳುತ್ತೇನೆ ಎಂದು ಕಳಿಸಿಬಿಟ್ಟೆ. ಅವರು ಒಂದು ಮಾತೂ ಆಡದೆ ಬುಟ್ಟಿ ಎತ್ತಿಕೊಂಡು ಹೋದರು. ರಾತ್ರಿ ಉಮ್ಮ ಕೇಳಿದರು: "ಪಳ್ಳಿಯಲ್ಲಿ ಹೇಳುವಾಗ ಪುಸ್ತಕ ನೋಡಿ ಕೊಡುತ್ತೇನೆ ಅಂತ ಹೇಳಿದ್ದೆಯಾ?"

ಮರುದಿನ ಸುಬಹಿ ಮುಗಿಸಿ ಅವರ ಮನೆ ಹುಡುಕಿಕೊಂಡು ಹೋಗಿ ದುಡ್ಡು ಕೊಟ್ಟೆ. ಎಣಿಸಲಿಲ್ಲ ಅವರು. ಚಾ ಕುಡಿದು ಹೋಗು ಎಂದರು.