ಕಹಾವ್ ಹಕ್ಕಿಯ ರಕ್ಷಣೆ

ಉತ್ತರ ಅಟ್ಲಾಂಟಿಕ್‌ನ ಬರ್ಮುಡಾ ದ್ವೀಪಗಳನ್ನು ಬಿಟ್ಟರೆ ಬೇರೆಲ್ಲೂ ಮರಿಮಾಡದ ಕಡಲಹಕ್ಕಿ ಕಹಾವ್. ರಾತ್ರಿ ಕೂಗುವ ಕೂಗೇ ಅದರ ಹೆಸರು. ವರ್ಷದ ಉಳಿದ ಕಾಲವನ್ನೆಲ್ಲ ನಡುಗಡಲಿನಲ್ಲಿ ಕಳೆದು, ಚಳಿಗಾಲದ ಹೊತ್ತಿಗೆ ದಡಕ್ಕೆ ಬರುತ್ತದೆ. ಬಿಲ ಸೇರುವುದೂ ಹೊರಡುವುದೂ ಕತ್ತಲಲ್ಲೇ. ಜೋಡಿಯೊಂದಕ್ಕೆ ವರ್ಷಕ್ಕೆ ಒಂದೇ ಮೊಟ್ಟೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ನಾವಿಕರು ಬಿಟ್ಟುಹೋದ ಹಂದಿಗಳು ಬಿಲಗಳನ್ನು ಬಗೆದು ತಿಂದವು. 1612ರಲ್ಲಿ ಇಂಗ್ಲಿಷರು ನೆಲೆಯೂರಿದ ಮೇಲೆ ಇಲಿ, ಬೆಕ್ಕು, ನಾಯಿಗಳ ಜೊತೆಗೆ ಬರಗಾಲದ ಹಸಿವೂ ಸೇರಿತು. ಹಕ್ಕಿಗಳ ಲೂಟಿ ನಿಲ್ಲಬೇಕೆಂದು ಗವರ್ನರ್ 1616ರ ಸುಮಾರಿಗೇ ಆಜ್ಞೆ ಹೊರಡಿಸಿದ್ದ. ಆದರೂ 1620ರ ದಶಕದಲ್ಲಿ ಕಹಾವ್ ಕಣ್ಮರೆಯಾಯಿತು. ಆಜ್ಞೆ ಮನುಷ್ಯನ ಕೈಯನ್ನು ತಡೆದೀತು, ಇಲಿಯ ಹಲ್ಲನ್ನಲ್ಲ. ಕಾಯ್ದೆ ಬೇಡವೆಂದಲ್ಲ, ಬಿಲದ ಬಾಯಲ್ಲಿ ಏನು ನಡೆಯುತ್ತಿದೆಯೆಂದು ನೋಡದ ರಕ್ಷಣೆ ಈ ಹಕ್ಕಿಯ ಪಾಲಿಗೆ ಇದ್ದೂ ಇಲ್ಲದಂತೆ.

ಮುನ್ನೂರು ವರ್ಷಗಳಾಚೆ, 1951ರಲ್ಲಿ, ಪಕ್ಷಿತಜ್ಞ ರಾಬರ್ಟ್ ಕುಶ್ಮನ್ ಮರ್ಫಿ ಮತ್ತು ಲೂಯಿಸ್ ಮೋಬ್ರೇ ಬರ್ಮುಡಾದ ಕ್ಯಾಸಲ್ ಹಾರ್ಬರ್‌ನ ಬರಿಬಂಡೆಯ ಕಿರುದ್ವೀಪಗಳಲ್ಲಿ ಜೀವಂತ ಕಹಾವ್‌ಗಳನ್ನು ಕಂಡರು. ಎಲ್ಲ ಹುಡುಕಿ ಎಣಿಸಿದ ಮೇಲೆ ಸಿಕ್ಕವು 18 ಜೋಡಿ. ಮಣ್ಣು ತೋಡಿ ಬಿಲ ಮಾಡುವ ಹಕ್ಕಿಗೆ ಅಲ್ಲಿ ಮಣ್ಣೇ ಇರಲಿಲ್ಲ. ಬಂಡೆಯ ಸಂದುಗಳೇ ಗತಿ. ಆ ಸಂದುಗಳಿಗೆ ಮೊದಲೇ ಒಡೆಯನಿದ್ದ. ವಸಂತದಲ್ಲಿ ಬರುವ ಬಿಳಿಬಾಲದ ಟ್ರಾಪಿಕ್ ಹಕ್ಕಿ, ತಾಯ್ತಂದೆ ಕಡಲಿಗೆ ಹೋಗಿದ್ದಾಗ ಒಳನುಗ್ಗಿ ಕಹಾವ್ ಮರಿಯನ್ನು ಕುಕ್ಕಿ ಕೊಲ್ಲುತ್ತಿತ್ತು. ಪರಿಹಾರ ಬಡಗಿಯದು: ಬಿಲದ ಬಾಯಿಗೆ ತೂತು ಕೊರೆದ ಹಲಗೆ. ಕಹಾವ್ ಮೈ ಒತ್ತಿಕೊಂಡು ತೂರಬೇಕು, ತುಸು ದಪ್ಪನೆಯ ಟ್ರಾಪಿಕ್ ಹಕ್ಕಿ ಹೊರಗೇ ಉಳಿಯಬೇಕು. ತೂತಿನ ಅಳತೆ ಕೂದಲೆಳೆ ತಪ್ಪಿದರೂ ಕೆಲಸ ಕೆಟ್ಟಿತು. 1951ರ ಆ ಶೋಧದಲ್ಲಿ ಹುಡುಗನಾಗಿ ಜೊತೆಗಿದ್ದ ಡೇವಿಡ್ ವಿಂಗೇಟ್ ಮುಂದೆ ಇದನ್ನೇ ಬದುಕಾಗಿಸಿಕೊಂಡು, ಕಾಂಕ್ರೀಟಿನ ಬಿಲಗಳನ್ನೂ ಕಟ್ಟಿಸಿದರು.

ಹೀಗೆ ಹಲಗೆ, ಕಾಂಕ್ರೀಟು ಕೊಟ್ಟು ಸಾಕುವುದಾದರೆ ಅದು ಕಾಡುಹಕ್ಕಿ ಹೇಗಾದೀತು, ಪ್ರಕೃತಿಯ ಪಾಡಿಗೆ ಬಿಡಬಾರದೇ ಎನ್ನುವವರಿದ್ದಾರೆ. ಆದರೆ ಟ್ರಾಪಿಕ್ ಹಕ್ಕಿಯೊಡನೆ ಈ ಜಗಳವೇ ಪ್ರಕೃತಿಯದಲ್ಲ. ಕಹಾವ್ ಬಂಡೆಗೆ ಓಡಿದ್ದು ಹಂದಿ, ಇಲಿಗಳ ಕಾಟಕ್ಕೆ, ಅವನ್ನು ತಂದದ್ದು ಹಡಗು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕೇಡು ದೂರದಿಂದ ಬಂದರೆ ಹಲಗೆ ಏನು ಮಾಡೀತು? ಕೀಟನಾಶಕ ಡಿಡಿಟಿಯ ಕಣವೂ ಬಳಕೆಯಾಗದ ಬಂಡೆಯ ಮೇಲೆ, ಮೊಟ್ಟೆ ಮರಿಗಳಲ್ಲೇ ಅದರ ಅಂಶವಿದೆಯೆಂದು ವಿಜ್ಞಾನಿ ವರ್ಸ್ಟರ್ ಮತ್ತು ವಿಂಗೇಟ್ 1968ರಲ್ಲಿ ತೋರಿಸಿದರು. ಇದಕ್ಕೆ ಬಡಗಿಯ ಬಳಿ ಉತ್ತರವಿಲ್ಲ, ನಿಜ. ಆದರೆ ಬಿಲಬಿಲವನ್ನೂ ವರ್ಷವರ್ಷವೂ ಎಣಿಸುತ್ತಿದ್ದವರಿಗಷ್ಟೇ ಮರಿಗಳ ಸಂಖ್ಯೆಯ ಕುಸಿತ ಕಂಡದ್ದು.

2003ರ ಫೇಬಿಯನ್ ಚಂಡಮಾರುತ ಹಲವು ಬಿಲಗಳನ್ನು ಕೊಚ್ಚಿಕೊಂಡು ಹೋಯಿತು. ಬಂಡೆಗಳು ತಗ್ಗು, ಕಡಲು ಏರುತ್ತಿದೆ. ಎತ್ತರದ ನೆಲೆಗೆ ದೊಡ್ಡ ಹಕ್ಕಿಯನ್ನು ಸಾಗಿಸಿ ಫಲವಿಲ್ಲ, ಮರಳಿ ಹಳೆಯ ಬಿಲಕ್ಕೇ ಹೋಗುತ್ತದೆ. ಆದರೆ ಮರಿ ನೆನಪಿಟ್ಟುಕೊಳ್ಳುವುದು ತಾನು ಮೊದಲು ರೆಕ್ಕೆ ಬಿಚ್ಚಿದ ಜಾಗವನ್ನು. ಜೆರೆಮಿ ಮಡೈರೋಸ್ ನೇತೃತ್ವದಲ್ಲಿ 2004ರಿಂದ 2008ರವರೆಗೆ ನೂರಕ್ಕೂ ಮಿಕ್ಕಿ ಮರಿಗಳನ್ನು ಹಾರುವ ಮುನ್ನ ಎತ್ತರದ, ಮಣ್ಣುಳ್ಳ ನಾನ್‌ಸಚ್ ದ್ವೀಪಕ್ಕೆ ಒಯ್ದು, ಮೀನು, ಸ್ಕ್ವಿಡ್ ತಿನ್ನಿಸಿ ಬೆಳೆಸಿದರು. ಕೆಲವು ವರ್ಷ ಕಡಲಲ್ಲೇ ಕಳೆದು ಅವುಗಳಲ್ಲಿ ಹಲವು ನಾನ್‌ಸಚ್‌ಗೇ ಮರಳಿದವು; 2009ರಲ್ಲಿ ಅಲ್ಲಿ ಮರಿಯೊಂದು ಹುಟ್ಟಿತು. ಜೋಡಿಗಳ ಸಂಖ್ಯೆ ಈಗ 150ನ್ನು ದಾಟಿದೆ. ಬಹುಪಾಲು ಇಂದಿಗೂ ಮರಿಮಾಡುವುದು ಮನುಷ್ಯ ಕಟ್ಟಿದ ಬಿಲಗಳಲ್ಲೇ.