ಗಲಾತ್ಯದ ಮೇಕೆ, ಗುಂಗುರು ನೂಲು



ಈ ಸಲ ಕ್ರಿಸ್‌ಮಸ್‌ಗೆ ನಮ್ಮ ಧರ್ಮಕೇಂದ್ರದ ಅಜ್ಜ-ಅಜ್ಜಿಯರಿಗೆ ನಾವೇ ಶಾಲು ಹೆಣೆದು ಕೊಡೋಣ ಎಂದು ತೀರ್ಮಾನಿಸಿದ್ದೆವು. ನೀಲಗಿರಿಯ ಡಿಸೆಂಬರ್ ಚಳಿ ಎಂಥದು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತಂದ ಉಣ್ಣೆಯಲ್ಲಿ ಒಂದು ಉಂಡೆ ಮಾತ್ರ ಬೇರೆ ಥರ ಇತ್ತು. ಎಳೆಯುದ್ದಕ್ಕೂ ಚಿಕ್ಕ ಚಿಕ್ಕ ಸುರುಳಿಗಳು. ಮುಟ್ಟಿದರೆ ಕುರಿಮರಿಯ ಬೆನ್ನು ಸವರಿದ ಹಾಗೆ. ಚೀಟಿಯಲ್ಲಿ 'ಬೂಕ್ಲೆ' ಎಂದೂ, ಮೊಹೇರ್ ಮತ್ತು ಕುರಿಯ ಉಣ್ಣೆ ಎಂದೂ ಬರೆದಿತ್ತು. ನಮಗೆ ಹೆಣಿಗೆ ಕಲಿಸುವ ಅಜ್ಜಿ ಅದನ್ನು ಬೆರಳಲ್ಲಿ ತಿರುವಿ ನೋಡಿ, "ಇದು ಅಷ್ಟು ಸುಲಭವಾಗಿ ಮಾತು ಕೇಳುವ ನೂಲಲ್ಲ ಮಕ್ಕಳೇ" ಎಂದರು. ಅವರ ಮಾತೇ ನಿಜವಾಯಿತು. ಮೂರು ಸಲ ಬಿಚ್ಚಿ ಮತ್ತೆ ಹಾಕಿದೆವು. ಆದರೆ ಈ ನೂಲು ಎಲ್ಲಿಂದ ಬಂತು ಎಂದು ಹುಡುಕಲು ಹೋದಾಗ ಒಂದು ದೊಡ್ಡ ಚರಿತ್ರೆಯೇ ಬಿಚ್ಚಿಕೊಂಡಿತು.

ಬೂಕ್ಲೆ ಎಂಬುದು ಫ್ರೆಂಚ್ ಮಾತು. ಗುಂಗುರಾದದ್ದು ಎಂದು ಅರ್ಥ. ಇದರಲ್ಲಿ ಮೂರು ಎಳೆಗಳಿರುತ್ತವೆ. ನಡುವೆ ಒಂದು ಬಿಗಿಯಾದ ಎಳೆ. ಅದರ ಸುತ್ತ ಇನ್ನೊಂದು ಎಳೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಉದ್ದ ಬಿಟ್ಟು ಸುತ್ತುತ್ತಾರೆ. ಹೆಚ್ಚಾದ ಭಾಗವೇ ಸುರುಳಿಯಾಗಿ ಹೊರಗೆ ನಿಲ್ಲುತ್ತದೆ. ಸುರುಳಿ ಜಾರದಂತೆ ಮೂರನೆಯ ತೆಳು ಎಳೆ ವಿರುದ್ಧ ದಿಕ್ಕಿನಲ್ಲಿ ಸುತ್ತಿ ಕಟ್ಟುತ್ತದೆ. ಹತ್ತಿ, ರೇಷ್ಮೆ, ಕುರಿ ಉಣ್ಣೆ, ಅಲ್ಪಾಕಾ ಎಲ್ಲದರಿಂದಲೂ ಇದನ್ನು ಮಾಡಬಹುದು. ಆದರೆ ಸುರುಳಿ ಹೊಳೆಯುತ್ತ ಎದ್ದು ನಿಲ್ಲಬೇಕಾದರೆ ಮೊಹೇರ್ ಬಹಳ ಚೆನ್ನ. ಅದರ ಕೂದಲು ಉದ್ದ, ನುಣುಪು, ಗಟ್ಟಿ. ಮೊಹೇರ್ ಎಂಬ ಹೆಸರು ಅರಬ್ಬಿಯ 'ಮುಖಯ್ಯರ್' ಎಂಬ ಪದದಿಂದ ಬಂದದ್ದು. ಆರಿಸಿ ತೆಗೆದದ್ದು ಎಂದು ಅದರ ಅರ್ಥ.

ಈ ಕೂದಲನ್ನು ಕೊಡುವುದು ಅಂಗೋರಾ ಮೇಕೆ. ಅಂಗೋರಾ ಎಂದರೆ ಇಂದಿನ ಟರ್ಕಿಯ ರಾಜಧಾನಿ ಅಂಕಾರ. ಇಲ್ಲಿ ನಾವು ಬೆರಗಾದೆವು. ರೋಮನ್ನರ ಕಾಲದಲ್ಲಿ ಅಂಕೂರ ಎಂದು ಕರೆಯುತ್ತಿದ್ದ ಈ ಊರೇ ಗಲಾತ್ಯ ಪ್ರಾಂತ್ಯದ ರಾಜಧಾನಿ! ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರವನ್ನು ಪೂಜೆಯಲ್ಲಿ ಎಷ್ಟು ಸಲ ಕೇಳಿದ್ದೇವೆ. ನಮ್ಮ ಕೈಯಲ್ಲಿರುವ ನೂಲಿನ ಮೂಲವೂ ಅದೇ ಪ್ರಾಂತ್ಯ ಎಂದು ಯಾರಿಗೆ ಗೊತ್ತಿತ್ತು?

16ನೇ ಶತಮಾನದ ಹೊತ್ತಿಗೆ ಅಂಕಾರದಲ್ಲಿ ಈ ಕೂದಲಿನಿಂದ 'ಸೋಫ್' ಎಂಬ ಹೊಳೆಯುವ ಬಟ್ಟೆ ನೇಯುತ್ತಿದ್ದರು. 1555ರಲ್ಲಿ ಆ ದಾರಿಯಾಗಿ ಹೋದ ಯೂರೋಪಿನ ರಾಯಭಾರಿ ಬುಸ್ಬೆಕ್ ಈ ಮೇಕೆಗಳನ್ನು ನೋಡಿ ತನ್ನ ಪತ್ರಗಳಲ್ಲಿ ವರ್ಣಿಸಿದ. ಊರಿನ ಬದುಕು ನಿಂತದ್ದೇ ಈ ಕೂದಲಿನ ಮೇಲೆ. ಮುಸ್ಲಿಂ ನೇಕಾರರೂ ಅರ್ಮೇನಿಯನ್ ಕ್ರೈಸ್ತ ವರ್ತಕರೂ ಒಂದೇ ಎಳೆ ಹಿಡಿದು ಅನ್ನ ಕಂಡವರು. ಆದ್ದರಿಂದಲೇ ನೂಲದ ಕೂದಲನ್ನು ಹೊರದೇಶಕ್ಕೆ ಸಾಗಿಸಬಾರದು ಎಂಬ ಕಟ್ಟುಪಾಡು ಇತ್ತು. ನೂಲುವ, ನೇಯುವ ಕೂಲಿ ಊರಲ್ಲೇ ಉಳಿಯಲಿ ಎಂಬುದು ಅದರ ಉದ್ದೇಶ.

1838ರಲ್ಲಿ ಎಲ್ಲವೂ ಬದಲಾಯಿತು. ಆ ವರ್ಷ ಬ್ರಿಟಿಷರಿಗೂ ಒಟ್ಟೋಮನ್ ಸುಲ್ತಾನರಿಗೂ ಬಾಲ್ಟಾ ಲಿಮಾನ್ ಒಪ್ಪಂದವಾಗಿ, ಇಂಥ ನಿರ್ಬಂಧಗಳೆಲ್ಲ ರದ್ದಾದವು. ಕಚ್ಚಾ ಕೂದಲು ಮೂಟೆ ಮೂಟೆಯಾಗಿ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಗಿರಣಿಗಳಿಗೆ ಹೋಯಿತು. ಅಲ್ಲಿನ ಟೈಟಸ್ ಸಾಲ್ಟ್ ಅಲ್ಪಾಕಾ ಮತ್ತು ಮೊಹೇರ್ ನೂತು ಶ್ರೀಮಂತನಾದ. 1853ರಲ್ಲಿ ಸಾಲ್ಟೇರ್ ಎಂಬಲ್ಲಿ ದೊಡ್ಡ ಗಿರಣಿ ತೆರೆದು, ಕೆಲಸಗಾರರಿಗಾಗಿ ಮನೆ, ಶಾಲೆ, ಚರ್ಚು ಇರುವ ಊರನ್ನೇ ಕಟ್ಟಿದ. ಒಳ್ಳೆಯದೇ. ಆದರೆ ಅತ್ತ ಅಂಕಾರದ ಸೋಫ್ ಮಗ್ಗಗಳು ಒಂದೊಂದಾಗಿ ನಿಂತುಹೋದವು.

ಮೇಕೆಯೂ ವಲಸೆ ಹೋಯಿತು. ಅದೇ 1838ರಲ್ಲಿ ಹೆಂಡರ್ಸನ್ ಎಂಬ ಸೈನ್ಯಾಧಿಕಾರಿ ಅಂಗೋರಾ ಮೇಕೆಗಳನ್ನು ದಕ್ಷಿಣ ಆಫ್ರಿಕಕ್ಕೆ ತಂದ. ಅಲ್ಲಿಯವರು ಹೇಳಿಕೊಂಡು ಬಂದ ಕಥೆ ಸ್ವಾರಸ್ಯವಾಗಿದೆ. ಬೇರೆ ದೇಶದಲ್ಲಿ ತಳಿ ಬೆಳೆಯಬಾರದೆಂದು 12 ಹೋತಗಳನ್ನೂ ಬೀಜ ಒಡೆದೇ ಕಳಿಸಿದ್ದರಂತೆ. ಆದರೆ ಜೊತೆಗಿದ್ದ ಒಂದೇ ಒಂದು ಹೆಣ್ಣು ಮೇಕೆ ಗಬ್ಬವಾಗಿತ್ತು. ಅದು ಗಂಡು ಮರಿ ಹಾಕಿತು! ಇಂದು ಪ್ರಪಂಚದ ಮೊಹೇರ್‌ನಲ್ಲಿ ಸುಮಾರು ಅರ್ಧದಷ್ಟು ದಕ್ಷಿಣ ಆಫ್ರಿಕದ್ದೇ. ವರ್ಷಕ್ಕೆ ಎರಡು ಸಲ ಕೂದಲು ಕತ್ತರಿಸುತ್ತಾರೆ. ಎಳೆಯ ಮರಿಯ ಕೂದಲೇ ಎಲ್ಲಕ್ಕಿಂತ ನಯ. (ಅಂಗಡಿಯಲ್ಲಿ ಈಗ 'ಅಂಗೋರಾ ಉಣ್ಣೆ' ಎಂದು ಕೊಡುವುದು ಮೊಲದ ಕೂದಲು, ಮೋಸ ಹೋಗಬೇಡಿ.)

ಗುಂಗುರು ನೂಲಿಗೆ ದೊಡ್ಡ ಹೆಸರು ಬಂದದ್ದು 20ನೇ ಶತಮಾನದಲ್ಲಿ. 1954ರಲ್ಲಿ ಪ್ಯಾರಿಸ್ಸಿನ ಕೊಕೊ ಶನೆಲ್ 70ರ ವಯಸ್ಸಿನಲ್ಲಿ ಮತ್ತೆ ಉಡುಪಿನ ಕೆಲಸಕ್ಕೆ ಇಳಿದು, ಬೂಕ್ಲೆ ಬಟ್ಟೆಯ ಕೋಟುಗಳನ್ನು ಜನಪ್ರಿಯ ಮಾಡಿದರು. ಆ ಕೋಟುಗಳ ಹೆಸರು ಎಲ್ಲರಿಗೂ ಗೊತ್ತು. ಅಂಕಾರದ ನೇಕಾರರ ಹೆಸರು ಯಾರಿಗೂ ಗೊತ್ತಿಲ್ಲ.

ಇದು ದೂರದ ಕಥೆ ಎಂದುಕೊಂಡಿರಾ? ನಮ್ಮ ನೀಲಗಿರಿಗೂ ತನ್ನದೇ ಉಣ್ಣೆ ಇದೆ. 19ನೇ ಶತಮಾನದಲ್ಲಿ ಊರ ಕುರಿಗಳ ಜೊತೆ ಮೆರಿನೊ ಮೊದಲಾದ ತಳಿಗಳು ಬೆರೆತು ಹುಟ್ಟಿದ ನೀಲಗಿರಿ ಕುರಿಯ ಉಣ್ಣೆ ನಯವಾದದ್ದು. ದಕ್ಷಿಣ ಭಾರತದಲ್ಲಿ ಅಂಥ ತಳಿ ಅಪರೂಪ. ಹುಲ್ಲುಗಾವಲು ಕಡಿಮೆಯಾಗಿ, ಚಹಾ ತೋಟ ಹೆಚ್ಚಾದಂತೆ ಕುರಿಗಳೂ ಕಡಿಮೆಯಾದವು. ಊಟಿ ಬಳಿಯ ಸ್ಯಾಂಡಿನಲ್ಲ ಕೇಂದ್ರದಲ್ಲಿ ಆ ತಳಿಯನ್ನು ಉಳಿಸುವ ಕೆಲಸ ನಡೆದಿದೆ. ರಾಯದುರ್ಗ, ಆದೋನಿ, ಜತ್, ಸೊಲ್ಲಾಪುರದ ಕಡೆಯ ಓದುಗರೇ, ನಿಮ್ಮ ಊರುಗಳಲ್ಲಿ ಕುರುಬರು ದಖ್ಖನಿ ಕುರಿಯ ಉಣ್ಣೆಯಿಂದ ನೇದು, ಹುಣಸೆ ಬೀಜದ ಗಂಜಿ ಕೊಟ್ಟ ಕರಿ ಕಂಬಳಿಯನ್ನು ನೀವು ಹೊದ್ದಿದ್ದೀರಿ. ಈಗ ಕುರಿ ಸಾಕುವುದು ಹೆಚ್ಚಾಗಿ ಮಾಂಸಕ್ಕೆ. ಕಂಬಳಿ ಕೇಳುವವರು ಕಡಿಮೆ. ಅಂಕಾರದ ಮಗ್ಗ ನಿಂತದ್ದು ಹೇಗೆಂದು ತಿಳಿದ ಮೇಲೆ, ನಮ್ಮ ಪಕ್ಕದ ಮಗ್ಗ ನಿಲ್ಲುವಾಗ ನಾವು ನೋಡುತ್ತಾ ಸುಮ್ಮನಿರುವುದು ಸರಿಯೇ?

ಕೊನೆಗೆ ಶಾಲು ಏನಾಯಿತು ಎನ್ನುವಿರಾ? ಅಜ್ಜಿ ಹೇಳಿಕೊಟ್ಟ ಹಾಗೆ ಮಾಡಿದೆವು. ದಪ್ಪ, ನುಣುಪು ಕಡ್ಡಿ ತೆಗೆದುಕೊಂಡೆವು. ಹೂವು-ಬಳ್ಳಿಯ ವಿನ್ಯಾಸ ಬಿಟ್ಟೆವು. ಸುರುಳಿಗಳ ನಡುವೆ ಅದು ಕಾಣುವುದೇ ಇಲ್ಲ. ಬರೀ ಸೀದಾ ಹೆಣಿಗೆ. ಕುಣಿಕೆಗಳು ಕಣ್ಣಿಗೆ ಸಿಗದ ಕಾರಣ ಬೆರಳಿನಿಂದ ಮುಟ್ಟಿ ಎಣಿಸಿದೆವು. ತಪ್ಪಾದರೆ ಎಳೆಯದೆ, ನಿಧಾನವಾಗಿ ಒಂದೊಂದೇ ಕುಣಿಕೆ ಬಿಚ್ಚಿದೆವು. ಒಗೆಯುವಾಗ ತಣ್ಣೀರು, ಹಿಂಡದೆ ಹಾಸಿ ಒಣಗಿಸುವುದು.

ಒಂದು ಶಾಲು ಮುಗಿದಿದೆ. ಮುಂದಿನ ಶಾಲನ್ನು ನಮ್ಮ ನಾಡಿನ ಕುರಿಯ ಉಣ್ಣೆಯಲ್ಲೇ ಹೆಣೆಯಬೇಕು ಎಂದು ನಿಶ್ಚಯಿಸಿದ್ದೇವೆ. ನಿಮ್ಮ ಊರಲ್ಲಿ ಇನ್ನೂ ಉಣ್ಣೆ ನೂಲುವವರಿದ್ದರೆ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಅವರ ಪಕ್ಕ ಕುಳಿತು ಕಲಿಯಿರಿ, ಅವರ ಹೆಸರು ಕೇಳಿ ಬರೆದಿಡಿ.